ಪೆನ್ನಿನ ಮರಕ್ಕೆ ಬಣ್ಣ: ಮಾಡಬೇಕಾದ್ದು, ಮಾಡಬಾರದ್ದು

ಲೇತಿನ ಮೇಲೆ ಪೆನ್ನು ಕಡೆಯುವ ಎಲ್ಲರಿಗೂ, ಅದರಲ್ಲೂ ಮರಕ್ಕೆ ಬಣ್ಣ ಕೊಡಲು ಹೊರಟವರಿಗೆ ಈ ಸೂಚನೆ. ನಮ್ಮ ಶೆಡ್ಡಿನಲ್ಲಿ ಹಳಬರು, ಹೊಸಬರು ಎಂಬ ಭೇದವಿಲ್ಲ. ಇದನ್ನು ಪೂರ್ತಿ ಓದುವ ಮೊದಲು ಬಣ್ಣದ ಶೀಶೆಯ ಮುಚ್ಚಳ ತೆಗೆಯಬೇಡಿ.

ಕುರ್ಚಿ, ಮೇಜು, ಕಿಟಕಿ ಚೌಕಟ್ಟಿಗೆ ಹಚ್ಚುವ ಬಣ್ಣದ ಲೆಕ್ಕ ಬೇರೆ, ಪೆನ್ನಿನ ಲೆಕ್ಕ ಬೇರೆ. ಪೆನ್ನು ದಿನವಿಡೀ ಬೆವರುವ ಬೆರಳುಗಳ ನಡುವೆ ಇರುತ್ತದೆ. ಬಿಳಿ ಅಂಗಿಯ ಜೇಬಿನಲ್ಲಿ ಇರುತ್ತದೆ. ಪರೀಕ್ಷೆ ಬರೆಯುತ್ತ ಕೂತ ಮಕ್ಕಳ ಹಲ್ಲಿಗೂ ಸಿಗುತ್ತದೆ. ಹಾಗಾಗಿ ಇಲ್ಲಿ ಎರಡು ವಿಷಯದಲ್ಲಿ ರಿಯಾಯಿತಿ ಇಲ್ಲ. ಏನೆಂದು ಗೊತ್ತಿಲ್ಲದ ಬಣ್ಣ ಮರಕ್ಕೆ ತಾಗಬಾರದು. ಪೂರ್ತಿ ಒಣಗದ ಬಣ್ಣದ ಮೇಲೆ ಪಾಲಿಶ್ ಕೂರಬಾರದು.

ಮರ ಆರಿಸುವಾಗ

ಬಣ್ಣಕ್ಕೆ ಬಿಳಿ ಮರವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಇದಕ್ಕೆ ಹಾಲೆ ಮರದಷ್ಟು ಒಳ್ಳೆಯದು ಮತ್ತೊಂದಿಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರು ತಲೆಮಾರುಗಳಿಂದ ಇದನ್ನೇ ಕಡೆಯುತ್ತ ಬಂದಿರುವುದಕ್ಕೆ ಕಾರಣವಿದೆ: ಬೆಳ್ಳಗಿನ ಮೈ, ಒತ್ತಾದ ಎಳೆ, ಉಳಿಗೆ ಮೆತ್ತಗೆ ಬರುವ ಗುಣ. ಬಣ್ಣವನ್ನು ಒಂದೇ ಸಮ ಹೀರುತ್ತದೆ, ತೇಪೆ ತೇಪೆಯಾಗಿ ಕಾಣುವುದಿಲ್ಲ. ಹಾಲೆ ಸಿಗದಿದ್ದರೆ ರಬ್ಬರ್ ಮರವಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಆಗುತ್ತದೆ. ಸಿಲ್ವರ್ ಓಕಿನ ಮೈಮೇಲೆ ಜಾಲರಿಯಂಥ ಮಿನುಗು ಚುಕ್ಕೆಗಳಿರುತ್ತವೆ. ನೀಲಿಯನ್ನೋ ಹಸಿರನ್ನೋ ತೆಳ್ಳಗೆ ಹಚ್ಚಿದರೆ ಆ ಜಾಲರಿ ಎದ್ದು ಕಾಣುತ್ತದೆ. ಮಾವಿನ ಮರ ಒಂದೊಂದು ತುಂಡು ಒಂದೊಂದು ಥರ, ಅದಕ್ಕೆ ಪರೀಕ್ಷೆ ಮಾಡದೆ ಕೈಹಾಕಬೇಡಿ.

ಬೀಟೆ, ತೇಗ, ಕರಿಮರಕ್ಕೆ ಬಣ್ಣ ಹಾಕಕೂಡದು. ಅವುಗಳ ಸ್ವಂತ ಬಣ್ಣವೇ ಸಾಕಷ್ಟು ಗಾಢ, ಹಾಕಿದ್ದು ಕಾಣುವುದಿಲ್ಲ. ತೇಗ, ಬೀಟೆಯ ಮೈಯಲ್ಲಿ ಎಣ್ಣೆ ಅಂಶ ಇರುವುದರಿಂದ ಬಣ್ಣ ಒಳಗೆ ಇಳಿಯದೆ ಮೇಲೆಯೇ ಕೂತು, ಆಮೇಲೆ ಕೈಗೆ ಹತ್ತುತ್ತದೆ. ಶ್ರೀಗಂಧ, ರಕ್ತಚಂದನದ ತುಂಡನ್ನು ಕಾಗದಪತ್ರವಿಲ್ಲದೆ ಶೆಡ್ಡಿನ ಬಾಗಿಲೊಳಗೆ ತರಕೂಡದು. ಗೆಳೆಯರು ಕೊಟ್ಟರು, ತಾತನ ಪೆಟ್ಟಿಗೆಯಲ್ಲಿತ್ತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಸಿ ಮರಕ್ಕೆ ಬಣ್ಣ ಬೇಡ. ಪೆನ್ನಿನ ತುಂಡು ಚಿಕ್ಕದು, ಹೊರಗೆ ಮುಟ್ಟಿದರೆ ಒಣಗಿದಂತೆ ಅನ್ನಿಸುತ್ತದೆ, ಒಳಗೆ ತೇವ ಇದ್ದೇ ಇರುತ್ತದೆ. ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ, ತುಂಡಿನ ಮೇಲೆ ಪೆನ್ಸಿಲಿನಿಂದ ತೂಕ, ತಾರೀಕು ಬರೆಯಿರಿ. ಕೆಲವು ದಿನ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತ ಮೇಲಷ್ಟೇ ಡ್ರಿಲ್ ಹಾಕಿ. ಮಂಗಳೂರು, ಕಾರವಾರದ ಕಡೆಯಿಂದ ಮಳೆಗಾಲದಲ್ಲಿ ತಂದ ಮರ ಬಯಲುಸೀಮೆಯಲ್ಲಿ ಇನ್ನಷ್ಟು ಒಣಗಿ ಕುಗ್ಗುತ್ತದೆ. ಒಳಗಿರುವ ಹಿತ್ತಾಳೆ ಕೊಳವೆ ಕುಗ್ಗುವುದಿಲ್ಲ. ಆಗ ಸೀಳುವುದು ಮರವೇ.

ಬಣ್ಣ ಆರಿಸುವಾಗ

ಮರಕ್ಕೆ ಒಗ್ಗುವ ಬಣ್ಣ ಎಂದರೆ ದ್ರವದಲ್ಲಿ ಪೂರ್ತಿ ಕರಗಿ, ಎಳೆಯೊಳಕ್ಕೆ ಇಳಿದು, ಮರದ ಗೆರೆಗಳನ್ನು ಕಾಣಬಿಡುವಂಥದ್ದು. ಕರಗದ ಪುಡಿಯನ್ನು ಕಲಕಿ ಮಾಡಿದ ಬಣ್ಣ ರಂಧ್ರಗಳಲ್ಲಿ ತುಂಬಿಕೊಂಡು ಮರವನ್ನು ಮಂಕು ಮಾಡುತ್ತದೆ. ಪೇಂಟ್ ಅಂಗಡಿಯಲ್ಲಿ ಎರಡೂ ಒಂದೇ ಹೆಸರಿನಲ್ಲಿ ಸಿಗುತ್ತವೆ. ಗಾಜಿನ ಲೋಟದಲ್ಲಿ ಕಲಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಕೆಸರು ಕೂತಿದ್ದರೆ ಅದು ಪೆನ್ನಿಗೆ ಬೇಡ.

ಇಂದು ಮರಕ್ಕೆ ಬಳಸುವ ಬಣ್ಣಗಳಲ್ಲಿ ಹೆಚ್ಚಿನವು ಕೃತಕ ಬಣ್ಣಗಳ ಕುಲಕ್ಕೆ ಸೇರಿದವು. 1856ರಲ್ಲಿ ಲಂಡನ್ನಿನ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೋಗಿ, ಕಲ್ಲಿದ್ದಲ ಡಾಂಬರಿನಿಂದ ಬಂದ ಅನಿಲಿನ್‌ನಿಂದ ನೇರಳೆ ಬಣ್ಣ ಪಡೆದದ್ದು ಆ ಕುಲದ ಆರಂಭ. ಅಲ್ಲಿಂದ ಈಚೆಗೆ ಸಾವಿರಾರು ಬಣ್ಣ ಬಂದಿವೆ, ಎಲ್ಲವೂ ಮರಕ್ಕಲ್ಲ, ಎಲ್ಲವೂ ಚರ್ಮಕ್ಕೂ ಅಲ್ಲ. ನೀರಿನಲ್ಲಿ ಕರಗುವುದು, ಸ್ಪಿರಿಟ್‌ನಲ್ಲಿ ಕರಗುವುದು, ಎಣ್ಣೆಯಲ್ಲಿ ಕರಗುವುದು ಎಂದು ಮೂರು ಬಗೆ. ಇವುಗಳಲ್ಲಿ ಲೋಹದ ಪರಮಾಣು ಕೂಡಿದ ಬಣ್ಣಗಳು ಬಿಸಿಲಿಗೆ ಹೆಚ್ಚು ತಡೆಯುತ್ತವೆ. ಪೆನ್ನಿಗೆ ಅವನ್ನೇ ಕೇಳಿ ತನ್ನಿ. ಶೀಶೆಯ ಮೇಲೆ ಯಾವ ಬಗೆ, ಯಾವುದರಲ್ಲಿ ಕರಗುತ್ತದೆ ಎಂದು ಬರೆದಿರಲೇಬೇಕು. ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಬಳಸಲೇಬಾರದ್ದು:

ಹೋಳಿಯ ಪುಡಿ. ಅದರಲ್ಲಿ ಏನೇನು ಸೇರಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ.

ಸಂತೆಯಲ್ಲಿ ಚೀಟಿ ಇಲ್ಲದ ಪೊಟ್ಟಣದಲ್ಲಿ ಸಿಗುವ ಬಟ್ಟೆ ಬಣ್ಣ. ಕ್ಯಾನ್ಸರ್ ತರಬಲ್ಲ ಅಮೀನ್‌ಗಳಾಗಿ ಒಡೆಯುವ ಹಲವು ಅಜೋ ಬಣ್ಣಗಳನ್ನು ಭಾರತ ಸರ್ಕಾರ 1997ರಲ್ಲೇ ನಿಷೇಧಿಸಿದೆ. ಹೆಸರಿಲ್ಲದ ಪೊಟ್ಟಣದಲ್ಲಿ ಅಂಥದ್ದು ಇಲ್ಲ ಎಂದು ನಿಮಗೆ ಭರವಸೆ ಕೊಡುವವರು ಯಾರೂ ಇಲ್ಲ.

ಪೊಟ್ಯಾಸಿಯಂ ಡೈಕ್ರೋಮೇಟ್. ಹಳೆಯ ಪಾಲಿಶ್ ಪುಸ್ತಕಗಳಲ್ಲಿ ಮರ ಕಪ್ಪಾಗಿಸಲು ಇದನ್ನು ಹೇಳಿರುತ್ತಾರೆ. ಕಿತ್ತಳೆ ಹರಳು, ನೋಡಲು ಅಂದ. ಕ್ಯಾನ್ಸರ್ ತರುವ ಕ್ರೋಮಿಯಂ ಅದರಲ್ಲಿದೆ. ಶೆಡ್ಡಿನೊಳಗೆ ತರುವುದನ್ನೇ ನಿಷೇಧಿಸಲಾಗಿದೆ.

ಫೌಂಟನ್ ಪೆನ್ನಿನ ಶಾಯಿ, ಕೇಸರಿಬಾತಿಗೆ ಹಾಕುವ ಬಣ್ಣ. ಇವುಗಳಿಂದ ಹೆಚ್ಚಿನ ಅಪಾಯವಿಲ್ಲ, ಆದರೆ ಬಾಳಿಕೆಯಿಲ್ಲ. ಕಿಟಕಿಯ ಪಕ್ಕ ಇಟ್ಟ ಪೆನ್ನು ಬಲುಬೇಗ ಬಿಳಿಚಿಕೊಳ್ಳುತ್ತದೆ. ಅರಿಶಿನವೂ ಹಾಗೆಯೇ. ಹಚ್ಚಿದ ದಿನ ಬಂಗಾರದಂತೆ ಕಾಣುತ್ತದೆ, ಬಿಸಿಲು ಅದರ ಬಣ್ಣವನ್ನು ಕೊಲ್ಲುತ್ತದೆ. ‘ನೈಸರ್ಗಿಕ’ ಎಂಬ ಒಂದೇ ಕಾರಣಕ್ಕೆ ಅರಿಶಿನದ ಪೆನ್ನು ಮಾಡಿ ಮಾರಬೇಡಿ. ಬೇಕಿದ್ದರೆ ಮಾಸುತ್ತದೆ ಎಂದು ಹೇಳಿ ಮಾರಿ.

ಬಣ್ಣ ಎಷ್ಟು ಬಾಳುತ್ತದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಡ. ಅದೇ ಮರದ ಪಟ್ಟಿಗೆ ಅದೇ ಬಣ್ಣ ಹಚ್ಚಿ, ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ದಕ್ಷಿಣದ ಕಿಟಕಿಯಲ್ಲಿ ಒಂದು ತಿಂಗಳು ಇಡಿ. ಹಾಳೆ ಬಿಚ್ಚಿದಾಗ ಗಡಿಗೆರೆ ಎದ್ದು ಕಂಡರೆ ಆ ಬಣ್ಣವನ್ನು ಕಪಾಟಿನಿಂದ ತೆಗೆದುಹಾಕಿ. ಬಟ್ಟೆ ಉದ್ಯಮದವರು ಇದೇ ಕೆಲಸಕ್ಕೆ 1ರಿಂದ 8ರವರೆಗಿನ ನೀಲಿ ಉಣ್ಣೆಯ ಅಳತೆ ಇಟ್ಟುಕೊಂಡಿದ್ದಾರೆ. ಶೀಶೆಯ ಮೇಲೆ ಆ ಅಂಕಿ ಇದ್ದರೆ 6ಕ್ಕಿಂತ ಕಡಿಮೆಯದ್ದನ್ನು ತರಬೇಡಿ.

ಕಲಸುವಾಗ

ಪುಡಿ ಬಣ್ಣವಾದರೆ 100 ಮಿಲಿ ನೀರಿಗೆ 3 ಗ್ರಾಂ ಎಂದು ಶುರುಮಾಡಿ. ಪೆನ್ನಿಗೆ ಇಷ್ಟು ಧಾರಾಳ. ಗಾಢ ಬೇಕೆಂದರೆ ಪುಡಿ ಹೆಚ್ಚಿಸಬೇಡಿ, ಇನ್ನೊಂದು ಸಲ ಹಚ್ಚಿ. ಮಿತಿ ಮೀರಿ ಹಾಕಿದ ಪುಡಿ ಮರದೊಳಗೆ ಜಾಗ ಸಿಗದೆ ಮೇಲೆ ಲೋಹದ ಹೊಳಪಿನಂತೆ ಕೂರುತ್ತದೆ. ನೇರಳೆ ಬಣ್ಣದ ಮೇಲೆ ತಾಮ್ರದ ಛಾಯೆ ಕಂಡರೆ ಅದೇ ಲಕ್ಷಣ. ಅದು ಅಂದವಲ್ಲ, ಮುಂದೆ ಜೇಬಿಗೆ ಹತ್ತುವ ಬಣ್ಣ.

ಬೋರ್‌ವೆಲ್ ನೀರು ಬೇಡ. ಅದರ ಗಡಸುತನ ಕೆಲವು ಬಣ್ಣಗಳನ್ನು ಒಡೆಸುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಒಗರು ಇರುವ ಮರ ಕಪ್ಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರು ತನ್ನಿ. ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆ ಮಾತ್ರ. ಕಲಸಿದ ಮೇಲೆ ಒಂದು ರಾತ್ರಿ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ಶೀಶೆಗೆ ಹೆಸರು, ಪ್ರಮಾಣ, ತಾರೀಕು ಬರೆದಿಡಿ. ಅಡುಗೆಮನೆಯ ಲೋಟ, ಚಮಚ ಒಮ್ಮೆ ಇಲ್ಲಿಗೆ ಬಂದರೆ ಮತ್ತೆ ಅಡುಗೆಮನೆಗೆ ಹೋಗಕೂಡದು. ತಂಪು ಪಾನೀಯದ ಬಾಟಲಿಯಲ್ಲಿ ಬಣ್ಣ ಇಡುವವರಿಗೆ ಶೆಡ್ಡಿನಲ್ಲಿ ಜಾಗವಿಲ್ಲ. ಮಕ್ಕಳು ಕುಡಿದರೆ ಆಮೇಲೆ ಹೇಳುವ ಯಾವ ಸಮಾಧಾನವೂ ಉಪಯೋಗವಿಲ್ಲ.

ಒಣ ಪುಡಿ ಅಳೆಯುವಾಗ ಫ್ಯಾನ್ ನಿಲ್ಲಿಸಿ, ಎನ್95 ಮಾಸ್ಕ್ ಹಾಕಿ. ಚೂರು ಪುಡಿ ಗಾಳಿಗೆ ಹಾರಿ ಪಕ್ಕದ ಬೆಂಚಿನ ಹಾಲೆ ತುಂಡಿನ ಮೇಲೆ ಕೂತರೆ, ಮರುದಿನ ಒದ್ದೆ ಕೈ ತಾಗಿದಾಗ ಅದು ಕೆಂಪು ಚುಕ್ಕೆಯಾಗಿ ಏಳುತ್ತದೆ.

ಹಚ್ಚುವ ಮೊದಲು ಅಂಟು ನೋಡಿ

ಹೆಚ್ಚಿನ ಪೆನ್ನುಗಳು ಹಾಳಾಗುವುದು ಬಣ್ಣದಿಂದಲ್ಲ, ಅಂಟಿನಿಂದ. ಇದನ್ನು ನಿಧಾನವಾಗಿ ಓದಿ.

ತುಂಡಿಗೆ 7 ಮಿ.ಮೀ. ತೂತು ಹಾಕಿ, ಹಿತ್ತಾಳೆ ಕೊಳವೆಗೆ ಸೂಪರ್ ಗ್ಲೂ ಸವರಿ ಒಳಗೆ ತಳ್ಳುತ್ತೀರಿ. ಹೆಚ್ಚಾದ ಅಂಟು ತುದಿಯಲ್ಲಿ ಉಕ್ಕಿ, ಮರದ ಕೊನೆಯ ಎಳೆಗಳಲ್ಲಿ ಮೇಲಕ್ಕೆ ಏರುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಕಡೆದು, ಉಜ್ಜಿ, ನೀಲಿ ಬಣ್ಣ ಹಚ್ಚುತ್ತೀರಿ. ಆಗ ತುದಿಯಲ್ಲಿ ಅರ್ಧಚಂದ್ರದಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. ಎಷ್ಟು ಸಲ ಹಚ್ಚಿದರೂ ಅದು ಬಣ್ಣ ಹಿಡಿಯುವುದಿಲ್ಲ. ಅಂಟು ಕುಡಿದ ಮರ ಬೇರೆ ಏನನ್ನೂ ಕುಡಿಯದು.

ಹಾಗಾಗಿ ಬಣ್ಣ ಹಾಕುವ ಪೆನ್ನಿಗೆ ಎರಡು ಪಾಲಿನ ಎಪಾಕ್ಸಿ ಬಳಸಿ. ಗಟ್ಟಿ ಇರುವುದರಿಂದ ಅದು ಎಳೆಯೊಳಗೆ ಓಡುವುದಿಲ್ಲ. ತೂತಿನ ಒಳಮೈಗೆ ತೆಳ್ಳಗೆ ಸವರಿ, ಕೊಳವೆಯನ್ನು ತಿರುಗಿಸುತ್ತ ತಳ್ಳಿ. ಉಕ್ಕಿದ್ದನ್ನು ಅಲ್ಲೇ ಒರೆಸಿ. ಒಂದು ರಾತ್ರಿ ಗಟ್ಟಿಯಾಗಲು ಬಿಡಿ. ಕಡೆದಾದ ಮೇಲೆ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ: ಅಂಟು ಇರುವ ಜಾಗ ಬೇಗ ಒಣಗಿ ತಿಳಿಯಾಗಿ ಕಾಣುತ್ತದೆ. ಕಂಡರೆ ಆ ಜಾಗವನ್ನು ಉಳಿಯಿಂದ ಇನ್ನೊಂದು ಎಳೆ ತೆಗೆಯಿರಿ. ಬಣ್ಣ ಹಚ್ಚಿದ ಮೇಲೆ ಕಂಡರೆ ಪ್ರಯೋಜನವಿಲ್ಲ.

ಈ ಒದ್ದೆ ಬಟ್ಟೆಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ನೀರಿನ ಬಣ್ಣ ತಾಗಿದಾಗ ಮರದ ರೋಮ ಏಳುತ್ತದೆ. ಮೊದಲೇ ಒದ್ದೆ ಮಾಡಿ, ಒಣಗಿಸಿ, ಎದ್ದ ರೋಮವನ್ನು ಉಜ್ಜಿ ತೆಗೆದರೆ ಬಣ್ಣ ಹಚ್ಚಿದ ಮೇಲೆ ಅಷ್ಟು ಏಳುವುದಿಲ್ಲ. 150, 220, 320ರ ಉಪ್ಪುಕಾಗದ ಸಾಕು. 600, 1000ದವರೆಗೆ ಉಜ್ಜಿ ಕನ್ನಡಿಯಂತೆ ಮಾಡಿದ ಮರ ಬಣ್ಣ ಕುಡಿಯುವುದಿಲ್ಲ. ಹೊಳಪು ಬರಬೇಕಾದ್ದು ಪಾಲಿಶ್‌ನಿಂದ. ಕೊನೆಯ ಸುತ್ತು ಉಜ್ಜುವಾಗ ಲೇತ್ ನಿಲ್ಲಿಸಿ, ಎಳೆಯ ಉದ್ದಕ್ಕೆ ಕೈಯಿಂದ ಉಜ್ಜಿ. ತಿರುಗುತ್ತಿರುವಾಗ ಬಿದ್ದ ಉಂಗುರಗೆರೆಗಳು ಬಿಳಿ ಮರದಲ್ಲಿ ಅಡಗಿರುತ್ತವೆ, ಬಣ್ಣ ತಾಗಿದ ಕೂಡಲೇ ಒಂದೊಂದೂ ಮುಖ ತೋರಿಸುತ್ತವೆ.

ಹಚ್ಚುವಾಗ

ಲೇತ್ ಓಡುತ್ತಿರುವಾಗ ಬಣ್ಣ ಹಚ್ಚಕೂಡದು. ಕೈಯಿಂದ ತಿರುಗಿಸಿ. ಬುಷ್‌ಗಳನ್ನು ತೆಗೆದು, ಹಿತ್ತಾಳೆಯ ತುದಿಗಳಿಗೆ ಟೇಪ್ ಹಾಕಿ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಬಣ್ಣ ಮುಗಿಸಿ ಲೇತ್ ಚಾಲೂ ಮಾಡುವ ಮುನ್ನ ಆ ಗ್ಲೌಸ್ ತೆಗೆದಿರಬೇಕು. ತಿರುಗುವ ಯಂತ್ರಕ್ಕೆ ಗ್ಲೌಸ್ ಸಿಕ್ಕರೆ ಬೆರಳು ಅದರ ಜೊತೆಯೇ ಹೋಗುತ್ತದೆ. ದುಪಟ್ಟಾ, ಸೆರಗು, ಕೈಗೆ ಕಟ್ಟಿದ ದಾರ, ಬಿಟ್ಟ ಕೂದಲು, ತೂಗಾಡುವ ಗುರುತಿನ ಚೀಟಿ ಎಲ್ಲಕ್ಕೂ ಇದೇ ಮಾತು.

ಒಮ್ಮೆಗೇ ಧಾರಾಳವಾಗಿ ಹಚ್ಚಿ, ಒಂದು ನಿಮಿಷ ಬಿಟ್ಟು, ಉಳಿದದ್ದನ್ನು ಒರೆಸಿ. ಸ್ಪಿರಿಟ್ ಬಣ್ಣ ಬೇಗ ಆರುವುದರಿಂದ ಅಲ್ಲಲ್ಲಿ ನಿಲ್ಲಿಸಿದರೆ ಅಂಚುಗೆರೆ ಬೀಳುತ್ತದೆ. ಒಂದೇ ಓಟದಲ್ಲಿ ಮುಗಿಸಿ. ನೀರಿನ ಬಣ್ಣ ನಿಧಾನ, ಹೊಸಬರಿಗೆ ಅದೇ ಒಳ್ಳೆಯದು.

ಗೆರೆ ಸುಳಿಸುಳಿಯಾಗಿರುವ ಮರವಾದರೆ ಎರಡು ಬಣ್ಣ ಕೊಡಬಹುದು. ಮೊದಲು ಕಪ್ಪೋ ಗಾಢ ಕಂದೋ ಹಚ್ಚಿ ಪೂರ್ತಿ ಒಣಗಿಸಿ. ಆಮೇಲೆ 320ರ ಕಾಗದದಿಂದ ಮೇಲ್ಮೈಯ ಕಪ್ಪನ್ನು ಉಜ್ಜಿ ತೆಗೆಯಿರಿ. ಸುಳಿಯ ಮೆತ್ತನೆಯ ಜಾಗಗಳಲ್ಲಿ ಆಳಕ್ಕೆ ಇಳಿದ ಕಪ್ಪು ಉಳಿಯುತ್ತದೆ, ಗಟ್ಟಿ ಜಾಗದಿಂದ ಹೋಗುತ್ತದೆ. ಅದರ ಮೇಲೆ ಕೆಂಪು ಅಥವಾ ಹಳದಿ ಹಚ್ಚಿ. ಪೆನ್ನನ್ನು ಬೆಳಕಿಗೆ ತಿರುಗಿಸಿದಾಗ ಸುಳಿಗಳು ಅಲುಗಾಡಿದಂತೆ ಕಾಣುತ್ತವೆ. ಬಣ್ಣದ ಕೆಲಸದಲ್ಲಿ ನನಗೆ ಇದಕ್ಕಿಂತ ಖುಷಿ ಕೊಡುವ ಘಳಿಗೆ ಇನ್ನೊಂದಿಲ್ಲ. ಆದರೆ ಇದನ್ನು ಸುಳಿಯಿಲ್ಲದ ಮರದ ಮೇಲೆ ಮಾಡಬೇಡಿ. ಅಲ್ಲಿ ಕೊಳಕಾದಂತೆ ಕಾಣುತ್ತದೆ, ಅಷ್ಟೇ.

ಒಣಗುವುದು: ನೀರಿನ ಬಣ್ಣಕ್ಕೆ ಕನಿಷ್ಠ 24 ಗಂಟೆ, ಮಳೆಗಾಲದಲ್ಲಿ 48. ಸ್ಪಿರಿಟ್ ಬಣ್ಣಕ್ಕೆ ಎರಡು ಮೂರು ಗಂಟೆ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಬೇಡಿ. ಹಿತ್ತಾಳೆ ಕಾದು, ಮರ ಒಂದೇ ಕಡೆ ಒಣಗಿ, ತುದಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಗಿರಾಕಿ ನಾಳೆಯೇ ಬೇಕು ಅಂದರೆ ಬಣ್ಣವಿಲ್ಲದ ಪೆನ್ನು ಕೊಡಿ.

ಕಪ್ಪು ಬೇಕಾದರೆ

ಕಪ್ಪಿಗೆ ಕೃತಕ ಬಣ್ಣ ಬೇಕಿಲ್ಲ. ಅಳಲೆಕಾಯಿಯ ಒಗರು, ಕಬ್ಬಿಣ ಇವೆರಡು ಕೂಡಿದರೆ ಕಪ್ಪಾಗುತ್ತದೆ ಎಂಬುದು ನಮ್ಮವರಿಗೆ ಬಹಳ ಹಿಂದಿನಿಂದ ಗೊತ್ತು. ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಕಾಳಹಸ್ತಿಯ ಕಲಂಕಾರಿಯ ಕಪ್ಪು ಗೆರೆಯೂ ಅಳಲೆ ಹಚ್ಚಿದ ಬಟ್ಟೆಗೆ ಕಬ್ಬಿಣ, ಬೆಲ್ಲ ಹುಳಿಸಿದ ನೀರು ತಾಗಿದಾಗ ಮೂಡುವಂಥದ್ದು. ಬರೆಯುವ ಪೆನ್ನಿಗೇ ಆ ಹಳೆಯ ಮಸಿಯ ಬಣ್ಣ ಕೊಡುವುದು ನನಗೆ ಪ್ರಿಯವಾದ ಕೆಲಸ, ಹಾಗಾಗಿ ಕ್ರಮವನ್ನು ಪೂರ್ತಿ ಬರೆಯುತ್ತೇನೆ.

ಬೀಜ ತೆಗೆದ ಅಳಲೆಕಾಯಿ ಸಿಪ್ಪೆಯನ್ನು ಜಜ್ಜಿ, ನೀರಿನಲ್ಲಿ ಕುದಿಸಿ, ಸೋಸಿ ಒಗರು ಕಷಾಯ ಮಾಡಿಕೊಳ್ಳಿ. ಬೇರೆ ಗಾಜಿನ ಜಾಡಿಯಲ್ಲಿ ಬಿಳಿ ವಿನೆಗರ್ ಹಾಕಿ, ಸೋಪಿನಲ್ಲಿ ತೊಳೆದು ಎಣ್ಣೆ ತೆಗೆದ ಕಬ್ಬಿಣದ ಉಣ್ಣೆಯನ್ನು ಅದರಲ್ಲಿ ಮುಳುಗಿಸಿ. ಸ್ಟೇನ್‌ಲೆಸ್ ಪಾತ್ರೆಯುಜ್ಜು ಆಗುವುದಿಲ್ಲ, ಅದು ಕರಗದು. ಒಂದು ವಾರದೊಳಗೆ ಕಬ್ಬಿಣದ ನೀರು ಸಿದ್ಧ. ಸೋಸಿ. ಹಾಲೆ ಮರದಲ್ಲಿ ಸ್ವಂತ ಒಗರು ಸಾಲದು. ಮೊದಲು ಅಳಲೆ ಕಷಾಯ ಹಚ್ಚಿ ಒಣಗಿಸಿ, ಆಮೇಲೆ ಕಬ್ಬಿಣದ ನೀರು ಹಚ್ಚಿ. ಹಚ್ಚುತ್ತಿದ್ದಂತೆ ಬೂದಿಬಣ್ಣ, ಸ್ವಲ್ಪ ಹೊತ್ತಿಗೆ ನೇರಳೆಗಪ್ಪು, ಒಣಗಿದಾಗ ಕಪ್ಪು. ಸಾಲದಿದ್ದರೆ ಇನ್ನೊಂದು ಸುತ್ತು.

ಮಾಡಬಾರದ್ದು ನಾಲ್ಕು. ಜಾಡಿಯ ಮುಚ್ಚಳ ಬಿಗಿಯಬೇಡಿ: ಕಬ್ಬಿಣ ಕರಗುವಾಗ ಹೈಡ್ರೋಜನ್ ಅನಿಲ ಹೊರಡುತ್ತದೆ, ಬಿಗಿದರೆ ಜಾಡಿ ಸಿಡಿಯಬಹುದು, ಹತ್ತಿರ ಬೆಂಕಿಯಿದ್ದರೆ ಹೊತ್ತಿಕೊಳ್ಳಬಹುದು. ಎರಡು ದ್ರವಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ; ಕಪ್ಪು ಪಾತ್ರೆಯಲ್ಲೇ ಹುಟ್ಟಿ ಮರದ ಮೇಲ್ಮೈಗೆ ಧೂಳಿನಂತೆ ಹತ್ತುತ್ತದೆ. ವಿನೆಗರ್ ನೀರು ಹಿತ್ತಾಳೆಗೆ ತಾಗದಂತೆ ನೋಡಿ, ತಾಗಿದರೆ ಹಸಿರು ಕಿಲುಬು ಏಳುತ್ತದೆ. ಇನ್ನು ಇದೇ ಬೆಂಚಿನ ಮೇಲೆ ಬಟ್ಟೆ ಒಗೆಯುವ ಬ್ಲೀಚ್ ತರಲೇಬೇಡಿ. ಬ್ಲೀಚು, ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ. ಅದು ಪುಪ್ಪುಸವನ್ನು ಸುಡುತ್ತದೆ.

ಅರಗಿನ ಬಣ್ಣದ ಬಗ್ಗೆ

‘ಚನ್ನಪಟ್ಟಣದವರು ಅರಗು ಹಾಕುತ್ತಾರಲ್ಲ, ಅದೇ ಸಾಲದೇ?’ ಎಂದು ಕೇಳುವವರು ಬಹಳ. ಅದು ಬಣ್ಣ ಕುಡಿಸುವ ಕೆಲಸವಲ್ಲ, ಬಣ್ಣದ ಹೊದಿಕೆ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ನಾದಿ ಕಡ್ಡಿ ಮಾಡುತ್ತಾರೆ. ತಿರುಗುವ ಮರಕ್ಕೆ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅದು ಸಮವಾಗಿ ಹರಡಿ ಹೊಳೆಯುತ್ತದೆ. ಅರಗಿನ ಹುಳ ಕೊಟ್ಟದ್ದು, ಗಿಡ ಕೊಟ್ಟದ್ದು, ಕೈಯ ಒತ್ತಡ, ಇಷ್ಟರಿಂದಲೇ ಅಂಥ ಹೊಳಪು ಬರುವುದನ್ನು ನೋಡಲು ಒಮ್ಮೆ ಚನ್ನಪಟ್ಟಣಕ್ಕೆ ಹೋಗಿ ಬನ್ನಿ. ಅಲ್ಲಿನ ಕುಶಲಕರ್ಮಿಗಳು ಕಡ್ಡಿಯನ್ನು ಎಷ್ಟು ಒತ್ತಬೇಕು, ಯಾವಾಗ ಎತ್ತಬೇಕು ಎಂಬುದನ್ನು ಕಣ್ಣಿನಿಂದಲ್ಲ, ಬೆರಳಿಗೆ ಬರುವ ಎಳೆತದಿಂದ ತಿಳಿಯುತ್ತಾರೆ.

ಅರಗಿನ ಪೆನ್ನು ಮಾಡಿ, ಖಂಡಿತ ಮಾಡಿ. ಆದರೆ ಗಿರಾಕಿಗೆ ಎರಡು ಮಾತು ಹೇಳದೆ ಕೊಡಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು, ಅರಗು ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲು ಪೆನ್ನು ಹಿಡಿಯಬಾರದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಅರಗಿನ ಕೆಳಗೆ ಸ್ಪಿರಿಟ್ ಬಣ್ಣ ಕುಡಿಸುವುದಾದರೆ ಕಡ್ಡಿಯ ಅರಗನ್ನೇ ಬಳಸಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಬೇಡ.

ಇನ್ನೊಂದು ಮಾತು. ಚನ್ನಪಟ್ಟಣದ ಆಟಿಕೆ, ಬೊಂಬೆಗಳಿಗೆ 2005-06ರ ಸಾಲಿನಲ್ಲೇ ಭೌಗೋಳಿಕ ಸೂಚಕದ ರಕ್ಷಣೆ ಸಿಕ್ಕಿದೆ. ಬೇರೆ ಊರಿನಲ್ಲಿ ಮಾಡಿದ ಪೆನ್ನಿನ ಡಬ್ಬಿಯ ಮೇಲೆ ಆ ಊರಿನ ಹೆಸರು ಅಚ್ಚು ಹಾಕಕೂಡದು. ಅದು ಅಲ್ಲಿನ ಕುಟುಂಬಗಳ ಅನ್ನ.

ರಾಳ ಕುಡಿಸುವವರಿಗೆ

ತುಂಡಿನ ಒಳಗಿನವರೆಗೂ ಬಣ್ಣ ಬೇಕೆಂದರೆ, ಬಣ್ಣ ಬೆರೆಸಿದ ರಾಳದಲ್ಲಿ ಮರ ಮುಳುಗಿಸಿ, ನಿರ್ವಾತ ಪಂಪಿನಿಂದ ಗಾಳಿ ಎಳೆದು, ಆಮೇಲೆ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ಗಟ್ಟಿ ಮಾಡುವ ಕ್ರಮವಿದೆ. ಮರವನ್ನು ಮೊದಲು ಒವನ್‌ನಲ್ಲಿ ಪೂರ್ತಿ ಒಣಗಿಸಿ, ಚೀಲದಲ್ಲಿ ಬಿಗಿದು ತಣಿಸಿರಬೇಕು. ನೀರಿನ ಬಣ್ಣ ಈ ರಾಳಕ್ಕೆ ಹಾಕಕೂಡದು, ರಾಳಕ್ಕೆಂದೇ ಇರುವ ಬಣ್ಣ ಬೇಕು. ಪಂಪ್ ಚಾಲೂ ಮಾಡಿದಾಗ ಮರದಿಂದ ನೊರೆ ಏಳುತ್ತದೆ. ಗುಳ್ಳೆ ನಿಲ್ಲುವವರೆಗೆ ಬಿಡಿ, ಪಂಪ್ ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ಮುಳುಗಿರಲಿ. ನಿಜವಾಗಿ ರಾಳ ಒಳಗೆ ಹೋಗುವುದು ಗಾಳಿ ಮರಳಿ ಬಂದಾಗ. ಮನೆಯವರು ಅಡುಗೆ ಮಾಡುವ ಒವನ್‌ನಲ್ಲಿ ಇದನ್ನು ಬೇಯಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

ಪಾಲಿಶ್ ಹಾಕುವಾಗ

ಬಣ್ಣ ಯಾವುದರಲ್ಲಿ ಕರಗುತ್ತದೋ ಅದೇ ದ್ರವವಿರುವ ಪಾಲಿಶ್ ಅದರ ಮೇಲೆ ಬೇಡ. ನೀರಿನ ಬಣ್ಣದ ಮೇಲೆ ನೀರಿನ ಲ್ಯಾಕರ್ ಬೇಡ. ಸ್ಪಿರಿಟ್ ಬಣ್ಣದ ಮೇಲೆ ಸ್ಪಿರಿಟ್ ಪಾಲಿಶ್ ಬೇಡ. ಹಾಕಿದರೆ ಬಣ್ಣ ಮತ್ತೆ ಕರಗಿ, ಬಟ್ಟೆಗೆ ಹತ್ತಿ, ಮೈಮೇಲೆ ಹರಿದಾಡುತ್ತದೆ. ನೀರಿನ ಬಣ್ಣ, ಅದರ ಮೇಲೆ ಸೂಪರ್ ಗ್ಲೂ ಪದರ: ಪೆನ್ನಿಗೆ ಇದು ಗಟ್ಟಿ ಜೋಡಿ.

ಸೂಪರ್ ಗ್ಲೂವನ್ನು ಕಾಗದದ ಟವೆಲ್‌ನಿಂದ ಹಚ್ಚಿ. ಹತ್ತಿ ಬಟ್ಟೆಯಿಂದ ಹಚ್ಚಬೇಡಿ. ಹತ್ತಿಗೆ ಆ ಅಂಟು ತಾಗಿದರೆ ಕ್ಷಣದಲ್ಲಿ ಬಿಸಿಯೇರಿ ಹೊಗೆ ಬರುತ್ತದೆ, ಬೆರಳು ಸುಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಆವಿ ಉರಿ ತರಿಸುತ್ತದೆ. ಮೊದಲ ಎರಡು ಪದರಕ್ಕೆ ಕಾಗದದ ಮೇಲೆ ಸ್ವಲ್ಪ ಬಣ್ಣ ಬಂದರೆ ಗಾಬರಿಬೇಡ, ಒತ್ತದೆ ಹಗುರವಾಗಿ ಸವರಿ. ನಾಲ್ಕನೆಯ ಪದರಕ್ಕೂ ಬರುತ್ತಿದ್ದರೆ ಒಳಗೆ ಬಣ್ಣ ಒಣಗಿಲ್ಲ, ನಿಲ್ಲಿಸಿ. ಪದರ ಬೆಳ್ಳಗೆ ಮೋಡ ಕಟ್ಟಿದರೂ ತೇವವೇ ಕಾರಣ.

ಪದರಗಳ ನಡುವೆ ಉಜ್ಜುವಾಗ ಕಾಗದದ ಧೂಳನ್ನು ನೋಡುತ್ತಿರಿ. ಬಿಳಿ ಇದ್ದರೆ ಸರಿ. ಬಣ್ಣ ಕಂಡರೆ ಪದರ ಹರಿದು ಮರಕ್ಕೆ ಇಳಿದಿದ್ದೀರಿ. ಬುಷ್ ಪಕ್ಕದ ಅಂಚಿನಲ್ಲೇ ಇದು ಮೊದಲು ಆಗುವುದು. ನಮ್ಮಲ್ಲಿಗೆ ವಾಪಸ್ ಬಂದ ಒಂದು ಪೆನ್ನನ್ನು ಬೆಂಚಿನ ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದೇವೆ, ಹೊಸಬರು ಕೈಗೆತ್ತಿಕೊಂಡು ನೋಡಬೇಕು: ಹಿಡಿಯುವ ಜಾಗದ ಅಂಚಿನಲ್ಲಿ ಉಗುರಿನಷ್ಟು ಅಗಲ ಪದರ ತೆಳ್ಳಗಾಗಿ, ಅಲ್ಲಿಂದ ಬೆವರು ಒಳಹೊಕ್ಕು, ನೇರಳೆ ಬಣ್ಣ ಪಕ್ಕದ ಲೋಹದ ಉಂಗುರದ ಗೀರುಗಳಲ್ಲೆಲ್ಲ ಸೇರಿಕೊಂಡಿದೆ.

ಪಾಲಿಶಿಗೆ ಅಗಸೆ ಎಣ್ಣೆ ಬಳಸುವುದಾದರೆ, ಆ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಹಾಕಿ. ಸ್ಪಿರಿಟ್ ಇರುವ ಬೆಂಚಿನ ಬಳಿ ಬೀಡಿ, ಊದುಬತ್ತಿ, ದೀಪ ಯಾವುದೂ ಇರಕೂಡದು. ಆಯುಧಪೂಜೆಯ ದಿನ ಲೇತಿಗೆ ಆರತಿ ಮಾಡುವಾಗಲೂ ಸ್ಪಿರಿಟ್ ಡಬ್ಬಗಳನ್ನು ಮೊದಲು ಹೊರಗಿಡಿ.

ಉಳಿದ ಬಣ್ಣದ ನೀರನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯಬೇಡಿ. ಮರದ ಪುಡಿ ತುಂಬಿದ ಟ್ರೇಗೆ ಹಾಕಿ ಒಣಗಿಸಿ, ಕಟ್ಟಿ, ಬೇರೆ ಇಡಿ.

ಮಾರುವ ಮೊದಲು

ಬಣ್ಣ ಹಾಕಿದ ಹಾಲೆ ಮರವನ್ನು ಕರಿಮರ ಎಂದು ಮಾರಕೂಡದು. ಕಂದು ಬಣ್ಣ ಕುಡಿಸಿ ಬೀಟೆ ಎನ್ನಕೂಡದು. ಡಬ್ಬಿಯೊಳಗಿನ ಚೀಟಿಯಲ್ಲಿ ಮರ ಯಾವುದು, ಬಣ್ಣ ಯಾವ ಬಗೆಯದು, ಮೇಲಿನ ಪದರ ಯಾವುದು ಎಂದು ಕನ್ನಡದಲ್ಲಿ ಬರೆಯಿರಿ. ಹಾಲೆ ಎಂದು ಹೇಳಿಕೊಳ್ಳಲು ನಾಚಿಕೆ ಬೇಕಿಲ್ಲ. ಅದು ಒಳ್ಳೆಯ ಮರ.

ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಪೆನ್ನಿಗೆ ಸುತ್ತಿ, ಮುಷ್ಟಿಯಲ್ಲಿ ಹತ್ತು ನಿಮಿಷ ಬಿಗಿಯಾಗಿ ಹಿಡಿಯಿರಿ. ಆಮೇಲೆ ಉಪ್ಪುನೀರಿನ ಬಟ್ಟೆಯಲ್ಲಿ ಅದೇ ಪರೀಕ್ಷೆ, ಬೆವರಿನ ಬದಲಿಗೆ. ಬಟ್ಟೆಯ ಮೇಲೆ ಬಣ್ಣದ ನೆರಳು ಕಂಡರೂ ಆ ಪೆನ್ನು ಹೊರಗೆ ಹೋಗಕೂಡದು. ಪದರವನ್ನು ಪೂರ್ತಿ ತೆಗೆದು, ಒಣಗಿಸಿ, ಹೊಸದಾಗಿ ಹಾಕಿ.

ಇಷ್ಟೆಲ್ಲ ಆದಮೇಲೂ ಬಣ್ಣ ಬಿಟ್ಟು ಪೆನ್ನು ವಾಪಸ್ ಬಂದರೆ, ಗಿರಾಕಿ ಹೇಗೆ ಬಳಸಿದರು ಎಂದು ವಾದಕ್ಕೆ ನಿಲ್ಲಬೇಡಿ. ಹೊಸ ಪೆನ್ನು ಕೊಡಿ, ಕಲೆಯಾದ ಅಂಗಿಯ ಬೆಲೆಯನ್ನೂ ಕೊಡಿ.